ಕಾರಿಗೆ ಚೀಟಿ ಇದೆ, ಇಳಿದವರಿಗೆ?

ಪಾರ್ಕಿಂಗ್ ಚೀಟಿಯನ್ನು ಯಾರೂ ಓದುವುದಿಲ್ಲ. ಕೊಡುವವನು ಓದಿರುವುದಿಲ್ಲ, ಇಸಕೊಂಡವರು ಗಾಜಿನ ಸಂದಿಗೆ ಸಿಕ್ಕಿಸಿ ಮರೆಯುತ್ತಾರೆ. ನಾನು ಓದುತ್ತೇನೆ. ಪಿಎಚ್‌.ಡಿ. ಹೆಸರಿನಲ್ಲಿ ಐದು ವರ್ಷದಿಂದ ಕಂಡಕಂಡ ಮುದ್ರಿತ ಕಾಗದವನ್ನೆಲ್ಲ ಓದುವ ಚಟ ಹತ್ತಿದೆ. ಜಾತ್ರೆಯ ಕರಪತ್ರ, ಹರಕೆಯ ರಸೀದಿ, ಬಸ್ ಟಿಕೆಟ್ಟಿನ ಹಿಂಬದಿ ಯಾವುದನ್ನೂ ಬಿಡುವುದಿಲ್ಲ. ಸದ್ಯ ನನ್ನ ಬಳಿ ಇಂಥ ಹನ್ನೊಂದು ಚೀಟಿಗಳಿವೆ. ಮಾಲ್, ಕಲ್ಯಾಣ ಮಂಟಪ, ಆಸ್ಪತ್ರೆ, ದೇವಸ್ಥಾನ, ಸಂತೆ ಮೈದಾನ ಹೀಗೆ ಬೇರೆ ಬೇರೆ ಊರಿನವು. ಬಣ್ಣ ಬೇರೆ, ದರ ಬೇರೆ. ಕೆಳಗಿನ ಸಾಲಿನ ತಾತ್ಪರ್ಯ ಮಾತ್ರ ಹನ್ನೊಂದರಲ್ಲೂ ಒಂದೇ: ವಾಹನಕ್ಕಾಗಲಿ ಅದರಲ್ಲಿರುವ ವಸ್ತುಗಳಿಗಾಗಲಿ ನಾವು ಜವಾಬ್ದಾರರಲ್ಲ.

ಆ ಸಾಲಿನಲ್ಲಿ ವಾಹನ ಇದೆ, ವಸ್ತು ಇದೆ, ಜವಾಬ್ದಾರಿ ಒಲ್ಲದ 'ನಾವು' ಇದ್ದೇವೆ. ವಾಹನದಿಂದ ಇಳಿಯುವ ಮನುಷ್ಯ ಇಲ್ಲ. ಅವನ ಬಗ್ಗೆ ಜವಾಬ್ದಾರಿ ಇಲ್ಲ ಎಂದು ಹೇಳುವಷ್ಟೂ ಅವನು ಯಾರ ನೆನಪಿಗೂ ಬಂದಿಲ್ಲ. ಕನ್ನಡದಲ್ಲಿ ನಾವು 'ವಾಹನ ನಿಲುಗಡೆ' ಎಂದು ಬರೆದ ಬೋರ್ಡು ನೆಡುತ್ತೇವಲ್ಲ, ಅಲ್ಲೂ ಅಷ್ಟೇ. ವಾಹನ ನಿಂತಿತು, ಕೆಲಸ ಮುಗಿಯಿತು. ಆದರೆ ವಾಹನ ನಿಂತ ಮೇಲೆಯೇ ತಾನೆ ಬಾಗಿಲು ತೆರೆಯುವುದು, ಕಾಲು ನೆಲಕ್ಕೆ ತಾಗುವುದು, ನಡಿಗೆ ಶುರುವಾಗುವುದು? ನನ್ನ ತಕರಾರು ಇಷ್ಟೇ: ದುಡ್ಡು ತೆಗೆದುಕೊಂಡು ಪಾರ್ಕಿಂಗ್ ನಡೆಸುವವರು ಮಾರುವುದು ಬರೀ ಜಾಗವನ್ನಲ್ಲ. ಇಳಿದ ಜಾಗದಿಂದ ಬಾಗಿಲಿನವರೆಗಿನ ನಡಿಗೆಯೂ ಆ ಚೀಟಿಯ ಬೆಲೆಯಲ್ಲಿ ಸೇರಿದೆ. ಅದನ್ನು ಅವರು ಕೊಡುತ್ತಿಲ್ಲ.

ನನ್ನ ದೊಡ್ಡಮ್ಮನ ಮಗನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಹೋಯಿತು. ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ಲೆಕ್ಕ ಬರೆಯುತ್ತಾನೆ. ಸರ್ಕಾರದಿಂದ ಬಂದ ಸ್ಕೂಟರ್ ಒಂದಿದೆ, ಹಿಂದೆ ಎರಡೂ ಬದಿಗೆ ಚಕ್ರ ಹಾಕಿಸಿದ್ದು. ಇಲಾಖೆಯ ಕಾಗದದಲ್ಲಿ ಅದರ ಹೆಸರು 'ಯಂತ್ರಚಾಲಿತ ದ್ವಿಚಕ್ರ ವಾಹನ'. ನೆಲದ ಮೇಲೆ ಎಣಿಸಿದರೆ ನಾಲ್ಕು ಚಕ್ರ. ಈ ಲೆಕ್ಕದ ತೊಡಕು ಎಷ್ಟು ದೊಡ್ಡದು ಎಂದು ನನಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಅವನ ಜೊತೆ ಒಂದು ಕ್ಷೇತ್ರಕ್ಕೆ ಹೋದಾಗ. ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ತಪ್ಪು ಅದೊಂದೇ ಊರಿನದು ಎಂದು ಮಿಕ್ಕ ಊರುಗಳು ನಿಟ್ಟುಸಿರು ಬಿಡುತ್ತವೆ.

ಬೈಕ್ ಸಾಲಿಗೆ ಹೋದೆವು. ಅಲ್ಲಿದ್ದ ಹುಡುಗ, "ಅಗಲ ಜಾಸ್ತಿ ಅಣ್ಣ, ಇಲ್ಲಿ ಹಿಡಿಯಲ್ಲ, ಕಾರ್ ಸಾಲಿಗೆ ಹೋಗಿ" ಎಂದ. ಕಾರ್ ಸಾಲಿನವನು, "ಇಲ್ಲಿ ನಿಲ್ಸಿದ್ರೆ ಕಾರ್ ರೇಟೇ ಆಗ್ತದೆ" ಎಂದ. ಕೊಟ್ಟೆವು. ಕೊಟ್ಟ ಮೇಲೆ, ದೊಡ್ಡ ಗಾಡಿಗಳಿಗೆ ಅಡ್ಡ ಆಗುತ್ತದೆಂದು ಮೈದಾನದ ಕೊನೆಗೆ ಕಳಿಸಿದರು. ಅಲ್ಲಿ ಹೊಸದಾಗಿ ಜಲ್ಲಿ ಸುರಿದಿದ್ದರು, ಮೇಲೆ ಮಣ್ಣು ಬಿದ್ದಿರಲಿಲ್ಲ. ಕ್ಯಾಲಿಪರ್ ಹಾಕಿದ ಕಾಲು, ಕಂಕುಳಲ್ಲಿ ಊರುಗೋಲು, ಕೆಳಗೆ ಉರುಳುವ ಕಲ್ಲು. ಇಪ್ಪತ್ತು ಹೆಜ್ಜೆ ಹೋಗಿರಬಹುದು. ಟೆಂಪೊ ಟ್ರಾವೆಲರ್ ಒಂದು ರಿವರ್ಸ್ ಬಂತು. ಅಣ್ಣ ಬದಿಗೆ ಸರಿಯಲು ಹೋದ, ಊರುಗೋಲು ಜಾರಿತು. ಮೊಣಕೈ ಕಿತ್ತು ರಕ್ತ ಬಂತು. ಮೊದಲು ಓಡಿಬಂದು ಎತ್ತಿದವನು ಆ ಬೈಕ್ ಸಾಲಿನ ಹುಡುಗನೇ, ನೀರಿನ ಬಾಟಲಿ ತಂದುಕೊಟ್ಟವನೂ ಅವನೇ. ಹದಿನೇಳೋ ಹದಿನೆಂಟೋ ವಯಸ್ಸಿರಬೇಕು. ಕುತ್ತಿಗೆಗೆ ಒಂದು ಸೀಟಿ ಕಟ್ಟಿ ಬಿಸಿಲಿಗೆ ನಿಲ್ಲಿಸಿದ್ದರು. ಇಂಥ ಗಾಡಿ ಬಂದರೆ ಎಲ್ಲಿಗೆ ಬಿಡಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಾಪಸು ಬರುವಾಗ ಅಣ್ಣ ಹೇಳಿದ್ದು: "ಬಿದ್ದಿದ್ದಕ್ಕೆ ಬೇಜಾರಿಲ್ಲ ಕಣೇ. ಕಾರ್ ರೇಟ್ ಇಸ್ಕೊಂಡು ಬೀಳ್ಸಿದ್ರಲ್ಲ!"

ಈ ನಗೆಮಾತು ನನ್ನಲ್ಲಿ ಸಿಟ್ಟಾಗಿ ತಿರುಗಿದ್ದು ಆಮೇಲೆ, ನಮ್ಮದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಿಂತಿದ್ದಾಗ. ಡಿಸೆಂಬರ್–ಜನವರಿ ಸುಮಾರಿಗೆ, ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ ಸೇರುವ ಈ ಜಾತ್ರೆಗೆ ಹಳ್ಳಿಕಾರ್ ಎತ್ತುಗಳನ್ನು ಹಿಡಿದು ರೈತರು ಸುತ್ತಲಿನ ಜಿಲ್ಲೆಗಳಿಂದಷ್ಟೇ ಅಲ್ಲ, ಆಂಧ್ರದ ಕಡೆಯಿಂದಲೂ ಬರುತ್ತಾರೆ. ನೋಡದವರು ಒಮ್ಮೆ ನೋಡಬೇಕು. ಎತ್ತುಗಳಿಗೆ ಚಪ್ಪರ ಹಾಕಿರುತ್ತಾರೆ, ಕೆಲವರು ಮದುವೆಮನೆಯಂತೆ ಹೂವು, ದೀಪದ ಸರ, ಬಣ್ಣದ ಬಟ್ಟೆ ಕಟ್ಟಿ ಮೆರೆಸುತ್ತಾರೆ. ಕೆಳಗೆ ಮೆತ್ತಗೆ ಹುಲ್ಲು. ಜೋಡಿ ಜೋಡಿಗೆ ಬೇರೆ ಗೂಟ. ಒಂದು ಜೋಡಿ ಇನ್ನೊಂದಕ್ಕೆ ತಾಗದಷ್ಟು ಅಂತರ, ಮಧ್ಯೆ ಕೊಳ್ಳುವವರು ಸುತ್ತು ಹಾಕಿ ಹಲ್ಲು, ಸುಳಿ ನೋಡುವಷ್ಟು ದಾರಿ. ನೀರು ಎಲ್ಲಿ, ಮೇವು ಎಲ್ಲಿ ಎಂಬುದು ಮೊದಲೇ ಗೊತ್ತು. ಗೊರಸಿಗೆ ಕಲ್ಲು ಚುಚ್ಚೀತೆಂದು ಗೂಟ ಹೊಡೆಯುವ ಮುಂಚೆ ನೆಲ ಆರಿಸುತ್ತಿದ್ದ ಒಬ್ಬ ಯಜಮಾನರನ್ನು ನಾನು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಯಾವ ಎಂಜಿನಿಯರ್ ನಕ್ಷೆಯೂ ಇಲ್ಲದೆ, ಈ ಪ್ರಾಣಿಯ ಮೈಗೆ ಏನು ಬೇಕು ಎಂಬ ತಿಳಿವಳಿಕೆಯಿಂದಲೇ ಅಷ್ಟು ದೊಡ್ಡ ಬಯಲು ಹಂಚಿಕೆಯಾಗಿರುತ್ತದೆ.

ಎಂದರೆ ಬಯಲನ್ನು ಮೈಯ ಅಳತೆಗೆ ತಕ್ಕಂತೆ ಸಿದ್ಧ ಮಾಡುವ ವಿದ್ಯೆ ನಮಗೆ ಹೊಸದಲ್ಲ, ವಿದೇಶದಿಂದ ಬರಬೇಕಾದ್ದೂ ಅಲ್ಲ. ದಾರಿ ಬದಿಗೆ ಅರವಟ್ಟಿಗೆ ಇಟ್ಟವರು, ಅರಳಿಕಟ್ಟೆ ಕಟ್ಟಿದವರು, ತಲೆಹೊರೆ ಇಳಿಸಲು ಆಳೆತ್ತರಕ್ಕೆ ಕಲ್ಲು ನಿಲ್ಲಿಸಿದವರು ನಡೆಯುವವರ ದಣಿವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಎತ್ತಿನ ವಿಷಯದಲ್ಲಿ ಆ ಲೆಕ್ಕ ಇನ್ನೂ ಉಳಿದಿದೆ. ಹಗ್ಗ ಎಳೆದು, ಟೇಬಲ್ ಹಾಕಿ, ಚೀಟಿ ಹರಿದು ಕೊಟ್ಟು 'ಪೇ ಅಂಡ್ ಪಾರ್ಕ್' ಎಂದು ಕರೆದ ತಕ್ಷಣ ಮಾತ್ರ ಅದು ಮಾಯವಾಗುತ್ತದೆ.

ಘಾಟಿಗೆ ಬರುವವರು ಯಾರು ಎಂದು ಸ್ವಲ್ಪ ಯೋಚಿಸಿ. ಮಕ್ಕಳಾಗಲೆಂದು ಹರಕೆ ಹೊತ್ತು ನಾಗಪ್ರತಿಷ್ಠೆ ಮಾಡಿಸುವ ದಂಪತಿಗಳು ಈ ಕ್ಷೇತ್ರದ ಹೆಗ್ಗುರುತು. ಅಲ್ಲಿ ಸಾಲುಗಟ್ಟಿ ನಿಂತ ನಾಗರಕಲ್ಲುಗಳ ಹಿಂದೆ ಅಂಥ ಎಷ್ಟೋ ಮನೆಗಳ ಆಸೆ ಇದೆ. ಹರಕೆ ಫಲಿಸಿದರೆ ಬಸುರಿಯಾಗಿ ಬರುತ್ತಾರೆ, ಆಮೇಲೆ ಹಸುಗೂಸನ್ನು ಎತ್ತಿಕೊಂಡು ಬರುತ್ತಾರೆ, ಜೊತೆಗೆ ಮಂಡಿನೋವಿನ ಅತ್ತೆ, ಕೋಲು ಹಿಡಿದ ತಾತ. ಬೇರೆ ಯಾವುದೇ ಜಾಗದಲ್ಲಿ 'ವಿಶೇಷ ಅಗತ್ಯದವರು' ಎಂದು ಪಕ್ಕಕ್ಕೆ ಎತ್ತಿಡುವ ಜನ ಇಲ್ಲಿ ಬರುವವರಲ್ಲಿ ದೊಡ್ಡ ಪಾಲು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕ್ಷೇತ್ರಗಳಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದು ರಾಜ್ಯದಾದ್ಯಂತ ಕಂಡಿದ್ದೇ. ಬಸ್ಸಿನಲ್ಲಿ ಬಂದವರಿಗೆ ಪಾರ್ಕಿಂಗಿನಲ್ಲಿ ಪಾಲಿಲ್ಲ, ಆದರೆ ಎಷ್ಟೋ ಕ್ಷೇತ್ರಗಳಲ್ಲಿ ಅವರೂ ಕಾರುಗಳ ಸಾಲಿನ ನಡುವೆ ನುಸುಳಿಯೇ ಗುಡಿ ಸೇರಬೇಕು.

ಇದೇ ಗುಡಿಯ ಗರ್ಭಗುಡಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಏರ್ಪಾಡಿದೆ. ಒಂದೇ ಶಿಲೆಯಲ್ಲಿ ಈ ಕಡೆ ಸುಬ್ರಹ್ಮಣ್ಯ, ಬೆನ್ನಿನ ಕಡೆ ನರಸಿಂಹ. ಎದುರಿಗೆ ನಿಂತವರಿಗೆ ನರಸಿಂಹ ಕಾಣುವುದಿಲ್ಲ. ಹಾಗೆಂದು ಭಕ್ತರನ್ನು ಗೋಡೆ ಸುತ್ತಿ ಬನ್ನಿ ಎನ್ನಲಿಲ್ಲ, ನಿಮ್ಮ ಕರ್ಮ ಎನ್ನಲಿಲ್ಲ. ಹಿಂದೆ ಒಂದು ಕನ್ನಡಿ ಇಟ್ಟರು. ನಿಂತಲ್ಲಿಂದಲೇ ಇಬ್ಬರೂ ಕಾಣುತ್ತಾರೆ. ಬಂದವರಿಗೆ ತೊಡಕಾಗುತ್ತಿರುವುದು ಏನು ಎಂದು ನೋಡಿ, ಆ ತೊಡಕನ್ನು ಮಾತ್ರ ತೆಗೆದ ಕೆಲಸ ಅದು. ಪಾರ್ಕಿಂಗಿಗೂ ನಾನು ಕೇಳುತ್ತಿರುವುದು ಅಂಥದ್ದೇ ಒಂದು ಕನ್ನಡಿ.

ಇನ್ನು ಕಾನೂನು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. (ಈ 'ವಿಕಲಚೇತನ' ಎಂಬ ಪದದ ಮೇಲೆ ನನಗೆ ಬೇರೆಯೇ ಜಗಳವಿದೆ. ಅಣ್ಣನ ಚೇತನಕ್ಕೆ ಯಾವ ವಿಕಲತೆಯೂ ಇಲ್ಲ, ಇದ್ದರೆ ಆ ಜಲ್ಲಿ ಮೈದಾನಕ್ಕೆ ಇದೆ. ಇರಲಿ.) 'ಸಾರ್ವಜನಿಕ ಕಟ್ಟಡ' ಎಂದರೇನು ಎಂದು ಹೇಳುವಾಗ ಈ ಕಾಯ್ದೆ ಸರ್ಕಾರಿ, ಖಾಸಗಿ ಎಂಬ ಭೇದ ಮಾಡುವುದಿಲ್ಲ. ಜನ ಬಂದುಹೋಗುವ ವಾಣಿಜ್ಯದ ಜಾಗ, ಧಾರ್ಮಿಕ ಜಾಗ, ಬಸ್ ನಿಲ್ದಾಣ ಎಲ್ಲವನ್ನೂ ಒಳಗೆ ತರುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಸೇವೆ ಒದಗಿಸುವವರು, ಖಾಸಗಿಯವರೂ ಸೇರಿ, ಎರಡು ವರ್ಷದೊಳಗೆ ಸೇವೆಯನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕಿತ್ತು. ಇದ್ದ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವು ಇತ್ತು. ಆ ಗಡುವೂ 2022ರ ಜೂನ್‌ಗೆ ಮುಗಿದಿದೆ.

ಆಮೇಲೆ ಏನಾಯಿತು? 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ರತೂರಿ ಅವರು ದೃಷ್ಟಿದೋಷವಿರುವವರು, ರಸ್ತೆ, ಸಾರಿಗೆ, ಕಟ್ಟಡಗಳು ತಮ್ಮಂಥವರಿಗೆ ಎಟುಕಬೇಕೆಂದು ಅರ್ಜಿ ಹಾಕಿದವರು. ಕಾಯ್ದೆಯೇ 'ಕಡ್ಡಾಯ' ಎಂದದ್ದನ್ನು 2017ರ ನಿಯಮಗಳ 15ನೇ ನಿಯಮವು ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದೆ, ಇದು ಕಾಯ್ದೆಗೇ ವಿರುದ್ಧ ಎಂದಿತು ನ್ಯಾಯಾಲಯ. ಮೂರು ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ಬೇರ್ಪಡಿಸಿ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಸಾಹಿತ್ಯ ಓದುವ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. 'ಮಾಡತಕ್ಕದ್ದು' ಎಂಬ ಕ್ರಿಯಾಪದ ಯಾರದೋ ಮೇಜಿನ ಮೇಲೆ 'ಮಾಡಬಹುದು' ಆಗಿಬಿಟ್ಟಿತ್ತು. ಅಷ್ಟು ವರ್ಷ ಅಷ್ಟೂ ಊರುಗೋಲುಗಳು ಜಾರಿದ್ದು ಆ ಒಂದು ಪ್ರತ್ಯಯದ ಮೇಲೆ.

ಅಳತೆಗಳೂ ಯಾವುದೋ ಗುಟ್ಟಿನ ವಿದ್ಯೆಯಲ್ಲ. ಮಾಮೂಲಿ ಕಾರಿಗೆ ಎರಡೂವರೆ ಮೀಟರ್ ಅಗಲ ಬಿಟ್ಟರೆ, ವೀಲ್‌ಚೇರ್ ಇಳಿಸಬೇಕಾದ ಕಾರಿಗೆ 3.6 ಮೀಟರ್ ಬಿಡಬೇಕು, ಕಡಿಮೆಯೆಂದರೆ ಇಂಥ ಎರಡು ಜಾಗ ಇರಬೇಕು, ಬಾಗಿಲಿನಿಂದ 30 ಮೀಟರ್ ಒಳಗಿರಬೇಕು ಎಂದು 2016ರ ಮಾದರಿ ಕಟ್ಟಡ ಬೈಲಾಗಳೇ ಹೇಳುತ್ತವೆ. ಲೆಕ್ಕ ಹಾಕಿ: ಒಂದಕ್ಕೆ ಹೆಚ್ಚು ಬೇಕಾಗುವುದು 1.1 ಮೀಟರ್, ಎರಡಕ್ಕೆ 2.2 ಮೀಟರ್. ಒಂದು ಕಾರು ನಿಲ್ಲುವಷ್ಟು ಅಗಲವೂ ಅಲ್ಲ. ಇಡೀ ಮೈದಾನದಲ್ಲಿ ಗುತ್ತಿಗೆದಾರನಿಗೆ ಆಗುವ 'ನಷ್ಟ' ಒಂದು ಕಾರಿನ ಚೀಟಿ. ಇದಕ್ಕಾಗಿ ಜಾಗವಿಲ್ಲ ಎನ್ನುವವರ ಮುಖವನ್ನು ಒಮ್ಮೆ ನೋಡಬೇಕೆನಿಸುತ್ತದೆ.

"ಅಂಥವರು ದಿನಕ್ಕೆ ಎಷ್ಟು ಜನ ಬರ್ತಾರೆ ಮೇಡಂ? ಜಾಗ ಖಾಲಿ ಬಿದ್ದಿರ್ತದೆ" ಎಂದು ನನಗೊಬ್ಬರು ಹೇಳಿದರು. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು 13.24 ಲಕ್ಷ. ಅವರೆಲ್ಲ ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ. ಬಾವಿಗೆ ಹಗ್ಗ ಇಲ್ಲದಿದ್ದರೆ ನೀರು ಸೇದುವವರು ಯಾರೂ ಕಾಣುವುದಿಲ್ಲ, ಅದಕ್ಕೆ ಊರಿನಲ್ಲಿ ಯಾರಿಗೂ ಬಾಯಾರಿಕೆಯಿಲ್ಲ ಎನ್ನಲಾಗುತ್ತದೆಯೇ? ಇನ್ನು ಜನಗಣತಿಯ ಲೆಕ್ಕಕ್ಕೆ ಸಿಗದವರು: ಎಂಟು ತಿಂಗಳ ಬಸುರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವನು, ಎರಡು ಮಕ್ಕಳನ್ನು ಎರಡು ಕೈಲಿ ಹಿಡಿದ ತಾಯಿ, ಸಂಜೆಯಾದರೆ ಕಣ್ಣು ಮಂಜಾಗುವ ಅಜ್ಜ.

ಷಷ್ಠಿಯ ದಿನ ಆ ಜನಸಾಗರದಲ್ಲಿ ಇದೆಲ್ಲ ಆಗದು ಎಂಬ ಇನ್ನೊಂದು ವಾದವಿದೆ. ಆ ದಿನವೇ ಆಗಬೇಕು. ಬಯಲು ಖಾಲಿಯಿರುವ ಮಂಗಳವಾರ ಮಧ್ಯಾಹ್ನ ಯಾರಿಗೂ ಗುರುತು ಹಾಕಿದ ಜಾಗ ಬೇಕಿಲ್ಲ. ಮತ್ತೆ ಕೆಲವರು, ದೇವರ ಹತ್ತಿರ ಹೋಗುವುದೆಂದರೆ ಸ್ವಲ್ಪ ಕಷ್ಟಪಡಬೇಕು ಎನ್ನುತ್ತಾರೆ. ಹರಕೆ ಹೊತ್ತವರು ಉರುಳುಸೇವೆ ಮಾಡುತ್ತಾರೆ, ಅದು ಅವರ ಮನಸ್ಸು. ಪಾರ್ಕಿಂಗಿನಲ್ಲಿ ಜಾರಿ ಬೀಳುತ್ತೇನೆಂದು ಯಾರೂ ಹರಕೆ ಹೊತ್ತಿರುವುದಿಲ್ಲ.

ಬಯಲಿಗೆಲ್ಲ ಕಾಂಕ್ರೀಟ್ ಹಾಕಿ ಎಂದು ನಾನು ಕೇಳುತ್ತಿಲ್ಲ. ಅದು ಬೇಡವೇ ಬೇಡ. ಎತ್ತುಗಳಿಗೂ ಮಳೆ ನೀರಿಗೂ ಮಣ್ಣು ಬೇಕು. ಗಟ್ಟಿ ಮಾಡಿದ ಒಂದು ಪಟ್ಟಿ ನೆಲ ಸಾಕು, ಗುರುತಿನ ಜಾಗದಿಂದ ಬಾಗಿಲಿನವರೆಗೆ ವೀಲ್‌ಚೇರ್ ಉರುಳುವಷ್ಟು. ಏರು ಬಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು.

ಸುರಕ್ಷತೆಯ ಮಾತನ್ನು ಇದರಿಂದ ಬೇರೆ ಮಾಡಲಾಗುವುದಿಲ್ಲ. 2023ರ ಮೇ ತಿಂಗಳಲ್ಲಿ ಹೈದರಾಬಾದಿನ ಹಯಾತ್‌ನಗರದಲ್ಲಿ ಆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕೂಲಿಗೆಂದು ವಲಸೆ ಬಂದ ತಾಯಿಯೊಬ್ಬಳು ಬಿಸಿಲು ತಾಳದೆ ಮೂರರ ಆಸುಪಾಸಿನ ಮಗಳನ್ನು ಅಪಾರ್ಟ್‌ಮೆಂಟಿನ ಪಾರ್ಕಿಂಗಿನ ನೆರಳಲ್ಲಿ ಮಲಗಿಸಿ ಕೆಲಸಕ್ಕೆ ಹೋದಳು. ಒಳಗೆ ಬಂದ ಕಾರು ಮಗುವಿನ ಮೇಲೆ ಹರಿಯಿತು. ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಪಾರ್ಕಿಂಗಿನಲ್ಲಿ ಮಗುವನ್ನು ಮಲಗಿಸಿದ್ದು ತಾಯಿಯ ತಪ್ಪು ಎಂದು ಆಗ ತುಂಬ ಜನ ಬರೆದರು. ಮಗುವಿಗೆ ನೆರಳು ಸಿಗುವ ಬೇರೆ ಒಂದು ಜಾಗವನ್ನೂ ಆ ಬೀದಿ ಅವಳಿಗೆ ಕೊಟ್ಟಿರಲಿಲ್ಲ ಎಂದು ಬರೆದವರು ಕಡಿಮೆ. ಜಾತ್ರೆಯಲ್ಲೂ ಅದೇ ನೆರಳಿನ ಬರ. ಬುಟ್ಟಿ ಇಟ್ಟು ಹೂವು ಮಾರುವವರ ಮಕ್ಕಳು ನಿಂತ ವ್ಯಾನುಗಳ ನೆರಳಲ್ಲೇ ಆಡುತ್ತಿರುತ್ತಾರೆ, ಊರುಗಳಿಂದ ಬಂದವರು ಬಸ್ಸಿನ ಮಗ್ಗುಲಲ್ಲೇ ಬುತ್ತಿ ಬಿಚ್ಚುತ್ತಾರೆ. ಅವರನ್ನು ಸೀಟಿ ಊದಿ ಎಬ್ಬಿಸಿದರೆ ಸುರಕ್ಷತೆಯಾಗುವುದಿಲ್ಲ. ಗಾಡಿಗಳು ತಿರುಗುವ ಜಾಗ ಬೇರೆ, ಜನ ಕೂರುವ ಜಾಗ ಬೇರೆ ಎಂದು ಒಂದು ಹಗ್ಗ, ಒಂದು ಚಪ್ಪರ ಹಾಕಿ ತೋರಿಸಬೇಕು. ಎತ್ತಿಗೆ ಹಾಕುವ ಚಪ್ಪರದ ಕಾಲು ಭಾಗ ಖರ್ಚು.

ಮತ್ತೆ ಚೀಟಿಗೆ ಬರುತ್ತೇನೆ. 'ನಾವು ಜವಾಬ್ದಾರರಲ್ಲ' ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಜವಾಬ್ದಾರಿ ಹೋಗುವುದಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ಕೀ ಕೊಟ್ಟು ನಿಲ್ಲಿಸಲು ಹೇಳಿದ ಕಾರು ಕಳುವಾಯಿತು. ಚೀಟಿಯಲ್ಲಿ, ಇದು ಮಾಲೀಕರದೇ ಹೊಣೆ ಎಂದು ಬರೆದಿತ್ತು. ನಿಮ್ಮದೇ ಅಲಕ್ಷ್ಯದಿಂದ ನಷ್ಟವಾದರೆ ಆ ಸಾಲಿನ ಮರೆಯಲ್ಲಿ ಅಡಗಲಾಗದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿತು. ಬಯಲಲ್ಲಿ ನಾವೇ ನಿಲ್ಲಿಸಿ ಕೀ ಜೇಬಿಗಿಟ್ಟುಕೊಂಡ ಗಾಡಿಗೆ ಅದು ಎಷ್ಟು ಅನ್ವಯವಾಗುತ್ತದೆ ಎಂಬುದನ್ನು ವಕೀಲರು ವಾದಿಸಲಿ. ನನ್ನ ಪ್ರಶ್ನೆ ಬೇರೆ. ಕಾರಿಗಾಗಿ ಈ ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ಇಪ್ಪತ್ತು ವರ್ಷ ಹೋರಾಡಲು ವಿಮಾ ಕಂಪನಿ ಇದೆ. ಜಲ್ಲಿಯ ಮೇಲೆ ಜಾರಿದ ಕಾಲಿಗೆ ಯಾರಿದ್ದಾರೆ?

2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದಾರೆಂದು ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ರಾಜ್ಯವೇ ಸಿಟ್ಟಾಯಿತು, ವಿಧಾನಮಂಡಲದಲ್ಲಿ ಮಾತಾಯಿತು, ಮಾಲ್‌ಗೆ ಕೆಲ ದಿನ ಬೀಗ ಬಿತ್ತು. ಸರಿಯಾಗಿಯೇ ಆಯಿತು. ಅಲ್ಲಿ ತಡೆದವನು ಕಣ್ಣಿಗೆ ಕಾಣುತ್ತಿದ್ದ, ಬೈಯಲು ಒಂದು ಮುಖವಿತ್ತು. ಬಾಗಿಲಿಗೂ ಮೊದಲಿನ ನೂರು ಹೆಜ್ಜೆಯಲ್ಲಿ ತಡೆಯುವುದು ಜಲ್ಲಿ, ಕತ್ತಲೆ, ಮೆಟ್ಟಿಲು, ಎತ್ತರದ ಕರ್ಬ್‌ಕಲ್ಲು. ಅವಕ್ಕೆ ಮುಖವಿಲ್ಲ. ಕೇಳಲು ಹೋದರೆ ಗುತ್ತಿಗೆದಾರ ಆಡಳಿತದ ಕಡೆ ಕೈ ತೋರಿಸುತ್ತಾನೆ, ಆಡಳಿತ ಇಲಾಖೆಯ ಕಡೆ, ಇಲಾಖೆ ಪಂಚಾಯಿತಿಯ ಕಡೆ.

ಈ ಕೈತೋರಿಕೆ ನಿಲ್ಲುವುದು ಒಂದೇ ಕಡೆ, ಪಾರ್ಕಿಂಗ್ ವಸೂಲಿಯ ಹರಾಜಿನ ಷರತ್ತುಗಳಲ್ಲಿ. ಇಂಥ ಟೆಂಡರ್ ಪ್ರಕಟಣೆಗಳನ್ನೂ ನಾನು ಓದಿದ್ದೇನೆ (ಹೇಳಿದೆನಲ್ಲ, ಚಟ). ಠೇವಣಿ ಎಷ್ಟು, ಕಂತು ಯಾವಾಗ, ತಪ್ಪಿದರೆ ಬಡ್ಡಿ ಎಷ್ಟು ಎಲ್ಲ ಕೂದಲು ಸೀಳಿದಂತೆ ಬರೆದಿರುತ್ತಾರೆ. ಹಣ ಕೊಟ್ಟವರಿಗೆ ಏನು ಕೊಡಬೇಕು ಎಂಬ ಪುಟ ತೆಳ್ಳಗಿರುತ್ತದೆ. ಅಲ್ಲಿಗೇ ಬರೆಯಿರಿ: ಬಾಗಿಲಿನ ಹತ್ತಿರ 3.6 ಮೀಟರಿನ ಎರಡು ಜಾಗ, ಪಕ್ಕ ಚಕ್ರದ ಸ್ಕೂಟರುಗಳಿಗೆ ಬೇರೆ ಜಾಗ, ದರ ಬೈಕಿನದೇ. ವಾಹನ ಬಾಗಿಲಿನವರೆಗೆ ಬಂದು ಇಳಿಸಿ ಹೋಗಲು ಐದು ನಿಮಿಷದ ಬಿಡುವು. ಗಟ್ಟಿ ನೆಲದ ದಾರಿ, ಕತ್ತಲಾದ ಮೇಲೆ ದೀಪ, ಒಂದು ವೀಲ್‌ಚೇರ್, ಒಂದು ಬೆಂಚು. ಸೀಟಿ ಹಿಡಿದ ಹುಡುಗನಿಗೆ ಒಂದು ದಿನದ ತರಬೇತಿ, ತಲೆಗೊಂದು ಟೋಪಿ. ಇವು ಇಲ್ಲವೆಂದಾದರೆ ಆ ತಿಂಗಳ ವಸೂಲಿ ಇಲ್ಲ. 2016ರ ಕಾಯ್ದೆಯ ದಂಡ ಮೊದಲ ತಪ್ಪಿಗೆ ಹತ್ತು ಸಾವಿರದವರೆಗೆ, ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ. ಅದು ಕೋರ್ಟಿನ ದಾರಿ, ದೂರದ್ದು. ಹರಾಜಿನ ಷರತ್ತು ಪ್ರತಿ ಬಾರಿ ಹೊಸದಾಗಿ ಟೈಪ್ ಆಗುವ ಕಾಗದ. ಮುಜರಾಯಿ ಇಲಾಖೆಗೆ ಸೇರಿದ ಕ್ಷೇತ್ರಗಳಲ್ಲಿ ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಶುರು ಘಾಟಿಯಿಂದಲೇ ಆಗಲಿ ಎಂದು ನನ್ನ ಆಸೆ. ನಮ್ಮೂರೆಂಬ ಪಕ್ಷಪಾತವೂ ಇದರಲ್ಲಿದೆ, ಒಪ್ಪುತ್ತೇನೆ.

ಮೊನ್ನೆ ಅಣ್ಣನಿಗೆ ಫೋನ್ ಮಾಡಿ, ಈ ಸಲ ಷಷ್ಠಿ ಜಾತ್ರೆಗೆ ಬಾ, ಎತ್ತು ನೋಡೋಣ ಎಂದೆ. ಚಿಕ್ಕವನಿದ್ದಾಗ ದೊಡ್ಡಪ್ಪನ ಹೆಗಲ ಮೇಲೆ ಕೂತು ಆ ಜಾತ್ರೆ ನೋಡಿದವನು. ಈಗ ದೊಡ್ಡಪ್ಪ ಇಲ್ಲ.

"ಬರ್ತೀನಿ ಕಣೇ, ಆಸೆ ಐತೆ" ಎಂದ. "ಗಾಡಿ ಎಲ್ ನಿಲ್ಸೋದು, ಅದನ್ ಮೊದ್ಲು ವಿಚಾರ್ಸಿ ಹೇಳು."